ನಟ್ಟಿನ ಮೇಲಿನ ಹತ್ತು

ಢಬ್ ಎಂದು ಸದ್ದಾಯಿತು. ಹೆಡ್ ಕಾನ್‌ಸ್ಟೇಬಲ್ ಉದ್ದಣ್ಣ ಬೆಚ್ಚಿಬಿದ್ದು ಹಿಂದಕ್ಕೆ ಸರಿದ. ಆರಡಿ ದಾಟಿದ ಆಳು. ಸರಿದ ರಭಸಕ್ಕೆ ಹಿಂದಿದ್ದ ಬೀರುವಿಗೆ ತಲೆ ತಾಗಿಸಿಕೊಂಡ.

“ಹೆದರಬೇಡಿ, ಮುರಿದದ್ದು ಬೋಲ್ಟು,” ಎಂದಳು ಪ್ರಯೋಗಾಲಯದ ಇಂಜಿನಿಯರ್.

“ನನ್ನ ತಲೆನೂ ಸೇರಿಸ್ಕೊಳ್ಳಿ ಮೇಡಂ,” ಎಂದು ಉದ್ದಣ್ಣ ತಲೆ ಉಜ್ಜಿಕೊಂಡ.

ಅವಳು ಯಂತ್ರದ ಗಾಜಿನ ಬಾಗಿಲು ತೆರೆದು, ಎರಡು ಉಕ್ಕಿನ ದವಡೆಗಳ ನಡುವಿನಿಂದ ತುಂಡುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಹೆಬ್ಬೆರಳಿನ ದಪ್ಪದ ಬೋಲ್ಟು ನಡುವೆ ಸಣ್ಣಗಾಗಿ ತುಂಡಾಗಿತ್ತು. ಅದರ ತುದಿಯಲ್ಲಿ ನಟ್ಟು ಮಾತ್ರ ಕೂತಲ್ಲೇ ಕೂತಿತ್ತು.

“ಇದು ಅಂಗಡಿಯಿಂದ ನಾವು ತರಿಸಿದ ಹೊಸ ಜೋಡಿ. ಬೋಲ್ಟಿನ ತಲೆ ಮೇಲೆ ಹತ್ತು ಪಾಯಿಂಟ್ ಒಂಬತ್ತು. ನಟ್ಟಿನ ಮೇಲೆ ಹತ್ತು. ಇನ್ನು ಅಲ್ಲಿಂದ ತಂದದ್ದನ್ನ ನೋಡಿ.”

ಎರಡನೇ ಸಲ ಅವಳು ಅಂಥದ್ದೇ ಹೊಸ ಬೋಲ್ಟು ಹಾಕಿದಳು. ಅದಕ್ಕೆ ತಿರುಪಿದ್ದು ಮಾತ್ರ ಬಿದ್ದ ಕ್ರೇನಿನ ಅವಶೇಷದಲ್ಲಿ ಸಿಕ್ಕ ನಟ್ಟು. ಕಳಚಿಕೊಳ್ಳದೆ ಉಳಿದಿದ್ದ ಕೆಲವೇ ಕೆಲವುಗಳಲ್ಲಿ ಒಂದು. ಯಂತ್ರ ಗುಂಯ್‌ಗುಟ್ಟತೊಡಗಿತು. ಪರದೆಯ ಮೇಲಿನ ಗೆರೆ ಏರಿತು, ಇನ್ನೂ ಏರಿತು, ಆಮೇಲೆ ಬಾಗಿತು.

ಉದ್ದಣ್ಣ ಎರಡೂ ಕಿವಿ ಮುಚ್ಚಿಕೊಂಡು ಕಾದ. ಸದ್ದೇ ಬರಲಿಲ್ಲ. ಬೋಲ್ಟು ನಟ್ಟಿನೊಳಗಿಂದ, ಬೆಣ್ಣೆಯಿಂದ ಚಾಕು ಎಳೆದ ಹಾಗೆ, ಮೆಲ್ಲಗೆ ಜಾರಿ ಹೊರಗೆ ಬಂತು.

“ಇಷ್ಟೇನಾ?” ಎಂದರು ದೊಡ್ಡಮ್ಮ.

“ಇಷ್ಟೇ ಮೇಡಂ.”

ದೊಡ್ಡಮ್ಮ ಅಂದರೆ ಠಾಣೆಯ ಇನ್‌ಸ್ಪೆಕ್ಟರ್. ನಿವೃತ್ತಿಗೆ ಹತ್ತಿರವಾದ ಹೆಂಗಸು. ಮೊದಲು ಬೆನ್ನ ಹಿಂದೆ ಹಾಗನ್ನುತ್ತಿದ್ದವರು ಆಮೇಲಾಮೇಲೆ ಎದುರಿಗೇ ಅನ್ನತೊಡಗಿದ್ದರು. ಅವರೂ ಬೇಡವೆನ್ನಲಿಲ್ಲ. ಕ್ರೇನಿನ ತಲೆ ಕಳಚಿ ಕಟ್ಟುತ್ತಿದ್ದ ಕಟ್ಟಡದ ಮೇಲ್ಮಹಡಿಗೆ ಬಿದ್ದು ಅದನ್ನು ಓಡಿಸುತ್ತಿದ್ದವನು ಸತ್ತು ಕೆಲವು ವಾರಗಳಾಗಿದ್ದವು; ಮಿತಿ ಮೀರಿ ಭಾರ ಎತ್ತಿ ಅವನೇ ಸಾವು ತಂದುಕೊಂಡ ಅಂತ ಕಂಪನಿ ಕೈ ತೊಳೆದುಕೊಂಡಿತ್ತು.

ಅವನನ್ನು ಎಲ್ಲರೂ ಗಿಡುಗ ಅನ್ನುತ್ತಿದ್ದರು. ಅಷ್ಟೆತ್ತರದಲ್ಲಿ ಕೂತು ಕೆಳಗೆ ಯಾರ ಕೈಯಿಂದ ಸ್ಪ್ಯಾನರ್ ಬಿತ್ತು ಅಂತ ಹೇಳುತ್ತಿದ್ದನಂತೆ. ಸುದ್ದಿ ಮುಟ್ಟಿಸಲು ಅವನ ಮನೆಗೆ ಹೋದವರು ದೊಡ್ಡಮ್ಮನೇ. ಬಾಗಿಲು ತೆರೆದ ಅವನ ಹೆಂಡತಿ ಅಳಲಿಲ್ಲ. “ಅವರು ಯಾವತ್ತೂ ಭಾರ ಜಾಸ್ತಿ ಎತ್ತೋರಲ್ಲ. ಅಷ್ಟೊಂದು ಹುಷಾರಿ,” ಎಂದಷ್ಟೇ ಹೇಳಿದ್ದಳು. ಆ ಮಾತು ದೊಡ್ಡಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

“ನನಗೆ ಅರ್ಥವಾಗೋ ಹಾಗೆ ಹೇಳಮ್ಮ. ಈ ಹತ್ತು, ಒಂಬತ್ತು ಅಂದರೇನು?”

“ಬೋಲ್ಟಿನ ಮೊದಲ ಅಂಕಿ, ಎಷ್ಟು ಎಳೆದರೆ ಮುರಿಯುತ್ತೆ ಅನ್ನೋದಕ್ಕೆ. ಹತ್ತು ಅಂದರೆ, ಒಂದು ಚದರ ಮಿಲಿಮೀಟರ್ ಉಕ್ಕು ಸುಮಾರು ನೂರು ಕಿಲೋ ತಡೆಯುತ್ತೆ. ಎಂಟು ಅಂದರೆ ಎಂಬತ್ತು. ಮನೆ ಗೇಟಿಗೆ ಹಾಕ್ತೀವಲ್ಲ, ಅದು ನಾಲ್ಕರದ್ದು. ಪಾಯಿಂಟ್ ಆದಮೇಲಿನ ಒಂಬತ್ತು ಅಂದರೆ, ಆ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲಿನವರೆಗೆ ಎಳೆದು ಬಿಟ್ಟರೂ ಬೋಲ್ಟು ತನ್ನ ಉದ್ದಕ್ಕೆ ವಾಪಸ್ ಬರುತ್ತೆ. ಅದನ್ನ ದಾಟಿದರೆ ಹಿಗ್ಗಿದ್ದು ಹಿಗ್ಗಿದ ಹಾಗೇ.”

“ನಟ್ಟಿಗೆ?”

“ನಟ್ಟಿಗೆ ಒಂದೇ ಅಂಕಿ. ಅದು ಬೋಲ್ಟಿನ ಮೊದಲ ಅಂಕಿಗೆ ಹೊಂದಬೇಕು. ಹತ್ತರ ಬೋಲ್ಟಿಗೆ ಹತ್ತರ ನಟ್ಟು. ಇದು ಗಡಸುತನ ನೋಡಿದರೆ ಐದರದ್ದು ಮೇಡಂ. ಮೆತ್ತಗಿನ ಉಕ್ಕು.”

ಅವಳು ಇನ್ನೊಂದು ನಟ್ಟನ್ನು ಸಣ್ಣ ಯಂತ್ರದ ಕೆಳಗಿಟ್ಟು ಹಿಡಿ ಒತ್ತಿದಳು. ಗಟ್ಟಿ ಮೊನೆಯೊಂದು ಇಳಿದು ನಟ್ಟಿನ ಮೇಲೆ ಕುಳಿ ಮಾಡಿತು. ಪಕ್ಕದಲ್ಲಿದ್ದ ಹೊಸ ನಟ್ಟಿನ ಮೇಲೆ ಅದೇ ಮೊನೆ ಅರೆಪಾಲಿನಷ್ಟೂ ಇಳಿಯಲಿಲ್ಲ.

“ಕ್ರೇನಿನ ಕಂಬದ ಮೇಲೆ ಒಂದು ದೊಡ್ಡ ಉಂಗುರ ಇರುತ್ತೆ. ಮೇಲಿನ ತೋಳು, ಕ್ಯಾಬಿನ್, ಎಲ್ಲ ತಿರುಗೋದು ಅದರ ಮೇಲೆ. ಅದನ್ನ ಹಿಡಿದಿರೋದು ಈ ಬೋಲ್ಟುಗಳೇ. ಯಾವಾಗಲೂ ಬೋಲ್ಟು ಮೊದಲು ಮುರಿಯೋ ಹಾಗೆ ಜೋಡಿ ಮಾಡ್ತಾರೆ. ಬೋಲ್ಟು ಮುರಿದರೆ ಸದ್ದಾಗುತ್ತೆ, ಕಣ್ಣಿಗೆ ಕಾಣುತ್ತೆ, ಕೆಲಸ ನಿಲ್ಲಿಸಿ ಕೆಳಗಿಳೀಬಹುದು. ನಟ್ಟಿನ ಒಳಗಿನ ಥ್ರೆಡ್, ಅದೇ ತಿರುಪಿನ ಗೆರೆ, ಸವೆದು ಕಿತ್ತುಬಂದರೆ ಹೊರಗಿಂದ ಏನೂ ಗೊತ್ತಾಗಲ್ಲ. ಎಲ್ಲ ಬಿಗಿಯಾಗಿರೋ ಹಾಗೇ ಕಾಣುತ್ತೆ.”

“ಅವನು ಭಾರ ಜಾಸ್ತಿ ಎತ್ತಿದ ಅಂತಾರಲ್ಲ?”

“ಬಿದ್ದ ಜಾಗದಲ್ಲಿ ಸಿಕ್ಕ ಬೋಲ್ಟುಗಳನ್ನೆಲ್ಲ ಅಳೆದೆ ಮೇಡಂ. ಒಂದೂ ಕೂದಲೆಳೆಯಷ್ಟೂ ಹಿಗ್ಗಿಲ್ಲ. ಬೋಲ್ಟಿಗೆ ಇನ್ನೂ ಆಯಾಸವೇ ಆಗದ ಹೊತ್ತಲ್ಲಿ ನಟ್ಟು ಕೈಬಿಟ್ಟಿದೆ. ಅವನು ಎತ್ತಿದ್ದು ಅವನ ಮಿತಿಯೊಳಗೇ.”

ದೊಡ್ಡಮ್ಮ ಕಿಟಕಿಯ ಕಡೆ ತಿರುಗಿ ನಿಂತರು. ಅಷ್ಟು ಹುಷಾರಿ, ಎಂದಿದ್ದಳು ಹೆಂಡತಿ. ಹೌದು, ಹುಷಾರಿಯೇ. ಹುಷಾರಾಗಿಯೇ ಬಿದ್ದ.

“ಅವನಿಗೆ ಮೊದಲೇ ಏನಾದರೂ ಗೊತ್ತಾಗಿರುತ್ತಾ?”

ಇಂಜಿನಿಯರ್ ಮೇಜಿನ ಮೇಲಿನ ತುಂಡುಗಳನ್ನು ಒಟ್ಟುಮಾಡುತ್ತಾ ಹೇಳಿದಳು: “ಗೊತ್ತಾಗಿರಲ್ಲ ಮೇಡಂ.”

ಹಾಗಂದುಕೊಳ್ಳುವುದೇ ಒಳ್ಳೆಯದು ಎನ್ನಿಸಿತು ದೊಡ್ಡಮ್ಮನಿಗೆ.

“ಆದರೆ ಈ ನಟ್ಟಿನ ಮೇಲೂ ಹತ್ತು ಅಂತಲೇ ಇದೆಯಲ್ಲ?” ಎಂದ ಉದ್ದಣ್ಣ, ಒಂದನ್ನು ಬೆಳಕಿಗೆ ಹಿಡಿದು.

“ಅದನ್ನೇ ಹೇಳಬೇಕು ಅಂತಿದ್ದೆ,” ಎಂದು ಇಂಜಿನಿಯರ್ ಭೂತಗನ್ನಡಿ ಕೊಟ್ಟಳು. “ಕಾರ್ಖಾನೆಯದಾದರೆ ಪಕ್ಕದಲ್ಲಿ ಮಾಡಿದವರ ಗುರುತೂ ಇರುತ್ತೆ. ಇಲ್ಲಿ ಅದಿಲ್ಲ. ಯಂತ್ರ ಒತ್ತಿದರೆ ಅಂಕಿ ಅಚ್ಚುಕಟ್ಟಾಗಿರುತ್ತೆ. ಇದು ಕೈಯಲ್ಲಿ ಸುತ್ತಿಗೆಯಿಂದ ಹೊಡೆದದ್ದು. ಅಂಚು ನೋಡಿ.”

ದೊಡ್ಡಮ್ಮ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ನೋಡಿದರು. ಒಂದು ಎಂಬ ಅಂಕಿ ಬಲಕ್ಕೆ ಚೂರು ವಾಲಿತ್ತು. ಸೊನ್ನೆಗೆ ಎರಡು ಅಂಚು, ಒಂದರ ನೆರಳು ಇನ್ನೊಂದರ ಮೇಲೆ ಬಿದ್ದ ಹಾಗೆ. ಮತ್ತೊಂದು ನಟ್ಟು ನೋಡಿದರು. ಅದೇ ವಾಲಿಕೆ, ಅದೇ ಜೋಡಿ ಅಂಚು. ಇನ್ನೊಂದು. ಅದೂ ಹಾಗೇ.

“ಒಂದೇ ಕೈ,” ಎಂದರು.

“ಒಂದೇ ಕೈ. ಒಂದೇಟಿಗೆ ಅಂಕಿ ಬೀಳದೆ ಎರಡನೇ ಏಟು ಹಾಕಿದೆ.”

*

ಜೀಪಿನಲ್ಲಿ ಉದ್ದಣ್ಣ ಮಂಡಿ ಮಡಚಿ ಸ್ಟೇರಿಂಗಿಗೆ ಒತ್ತಿಕೊಂಡು ಕೂತಿದ್ದ. ಅವನ ಅಳತೆಗೆ ಯಾವ ಜೀಪೂ ಇರಲಿಲ್ಲ.

“ಕಂಪನಿಯ ಉಗ್ರಾಣದವನು ನಟ್ಟು ಮಾರಿದ ವ್ಯಾಪಾರಿ ಕಡೆ ಬೆರಳು ತೋರಿಸ್ತಾನೆ. ವ್ಯಾಪಾರಿ ಉಗ್ರಾಣದ ಕಡೆ. ಇಬ್ಬರೂ ಸೇರಿ ಸತ್ತವನ ಕಡೆ. ಸತ್ತವನು ತಿರುಗಿ ಯಾರ ಕಡೆ ತೋರಿಸ್ತಾನೆ ದೊಡ್ಡಮ್ಮ?”

“ಅದಕ್ಕೇ ಅಲ್ವಾ ನಾವಿರೋದು.”

“ವ್ಯಾಪಾರಿ ಮೊನ್ನೆ ನನಗೆ ಕಾಫಿ ಕೊಟ್ಟ. ಎಷ್ಟು ನಗ್ತಾನೆ ಅಂತೀರಿ. ಸಾವಿನ ವಿಷಯ ಮಾತಾಡ್ತಾ ಇದ್ದರೂ ಹಲ್ಲು ಒಳಗೆ ಹೋಗಲ್ಲ.”

“ಕುಡಿದೆಯಾ?”

“ಕುಡಿದೆ. ಚೆನ್ನಾಗಿತ್ತು. ಅದಕ್ಕೇ ಅನುಮಾನ.”

ಬೇರೆ ದಿನವಾಗಿದ್ದರೆ ದೊಡ್ಡಮ್ಮ ನಗುತ್ತಿದ್ದರು. ಇವತ್ತು ಕೈಯಲ್ಲಿದ್ದ ನಟ್ಟನ್ನು ಬೆರಳಿಂದ ಸವರುತ್ತಾ ಕೂತರು. ನಟ್ಟು ವ್ಯಾಪಾರಿಯಲ್ಲಿಂದ ಬಂದಿರಬಹುದು, ಉಗ್ರಾಣದಲ್ಲಿ ಅದಲುಬದಲಾಗಿರಬಹುದು. ಆದರೆ ಅವನ್ನು ಉಂಗುರಕ್ಕೆ ಹಾಕಿ ಬಿಗಿದ ಕೈ ಯಾವುದು ಅನ್ನುವುದರಲ್ಲಿ ಗುಟ್ಟೇನೂ ಇರಲಿಲ್ಲ. ಕ್ರೇನ್ ಎಬ್ಬಿಸಿ ನಿಲ್ಲಿಸಿದ್ದು ಫಿಟ್ಟರ್ ಮೇಸ್ತ್ರಿ. ಗಿಡುಗನ ಸ್ವಂತ ಅಣ್ಣ. ತಮ್ಮನಿಗೆ ಕ್ರೇನ್ ಓಡಿಸಲು ಕಲಿಸಿದವನೂ ಅವನೇ.

“ಮೇಸ್ತ್ರಿ ಹತ್ರ ಹೋಗೋಣ,” ಎಂದರು.

ಉದ್ದಣ್ಣ ಗೇರು ಬದಲಿಸಿದ. “ಆ ಮನುಷ್ಯ ತಮ್ಮನ ಹೆಣ ತಾನೇ ಹೊತ್ತು ಕೆಳಗೆ ತಂದೋನು ದೊಡ್ಡಮ್ಮ.”

“ಗೊತ್ತು ಕಣಪ್ಪ.”

*

ಮೇಸ್ತ್ರಿಯ ಷೆಡ್ಡು ತಗಡಿನದು. ಒಳಗೆ ಗ್ರೀಸಿನ ವಾಸನೆ. ಗೋಡೆಗೆ ಸ್ಪ್ಯಾನರುಗಳನ್ನು ಗಾತ್ರದ ಪ್ರಕಾರ ತೂಗುಹಾಕಿತ್ತು. ಮೇಸ್ತ್ರಿ ಬೆಂಚಿನ ಮುಂದೆ ಕೂತು ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ. ಇವರು ಬಂದದ್ದು ತಿಳಿದರೂ ತಲೆ ಎತ್ತಲಿಲ್ಲ.

“ಕೂತ್ಕೊಳ್ಳಿ ಮೇಡಂ. ಸ್ಟೂಲಿಗೆ ಎಣ್ಣೆ ಆಗಿದೆ, ಬಟ್ಟೆ ಹಾಸಿಕೊಳ್ಳಿ.”

ದೊಡ್ಡಮ್ಮ ಕೂರಲಿಲ್ಲ. ಬೆಂಚಿನ ಮೇಲಿನ ಸಾಮಾನುಗಳ ಮೇಲೆ ಕಣ್ಣಾಡಿಸಿದರು. ಮೂಲೆಯಲ್ಲಿ ಸಣ್ಣ ಮರದ ಪೆಟ್ಟಿಗೆ. ಮುಚ್ಚಳ ತೆಗೆದರೆ ಉಕ್ಕಿನ ಕಡ್ಡಿಗಳು, ಒಂದೊಂದರ ತುದಿಯಲ್ಲೂ ಒಂದೊಂದು ಅಂಕಿ. ಕಬ್ಬಿಣದ ಮೇಲೆ ಅಂಕಿ ಮೂಡಿಸುವ ಪಂಚುಗಳು. ಎಲ್ಲವೂ ತಮ್ಮ ತಮ್ಮ ತೂತಿನಲ್ಲಿ ನಿಂತಿದ್ದವು. ಎರಡು ತೂತು ಮಾತ್ರ ಖಾಲಿ.

“ಇವು ನಿಮ್ಮವಾ ಮೇಸ್ತ್ರಿ?”

“ಹೂಂ.”

“ಒಂದು ಎಲ್ಲಿ? ಸೊನ್ನೆ ಎಲ್ಲಿ?”

ಒರೆಸುವ ಕೈ ನಿಂತಿತು. “ಕಳೆದುಹೋದವು.”

“ಎರಡೂ ಮಾತಾಡಿಕೊಂಡು ಕಳೆದುಹೋದವಾ?” ಎಂದ ಉದ್ದಣ್ಣ. ದೊಡ್ಡಮ್ಮ ಅವನತ್ತ ಒಮ್ಮೆ ನೋಡಿದರು. ಅವನು ಬಾಗಿಲಿಗೆ ಹೋಗಿ ನಿಂತ.

ಅವರು ಜೇಬಿನಿಂದ ನಟ್ಟು ತೆಗೆದು ಸರಪಳಿಯ ಪಕ್ಕದಲ್ಲಿಟ್ಟರು. ಹತ್ತು ಅನ್ನುವ ಮುಖ ಮೇಲೆ. ಮೇಸ್ತ್ರಿ ಅದನ್ನು ಮುಟ್ಟಲಿಲ್ಲ.

“ನಾನೇ ಹೊಡೆದದ್ದು,” ಎಂದ.

“ಏನನ್ನ?”

“ಆ ಅಂಕೀನ. ಅದು ಮೆತ್ತಗಿನ ನಟ್ಟು ಅಂತ ಗೊತ್ತಿತ್ತು. ಹತ್ತು ಅಂತ ಹೊಡೆದು ಕೊಟ್ಟೆ. ಆಸೆಗೆ ಬಿದ್ದೆ. ಪಂಚು ನೀರಿಗೆ ಎಸೆದೆ. ಕರ್ಕೊಂಡು ಹೋಗಿ ಮೇಡಂ.”

ಬಾಗಿಲಲ್ಲಿ ಉದ್ದಣ್ಣ ಕೈಕೋಳ ತಡವಿದ. ದೊಡ್ಡಮ್ಮ ಬೇಡವೆಂದು ತಲೆ ಅಲ್ಲಾಡಿಸಿದರು. ಈಗ ಸ್ಟೂಲಿನ ಮೇಲೆ ಕೂತರು, ಎಣ್ಣೆಯ ಮೇಲೇ.

“ಉಂಗುರಕ್ಕೆ ಇವನ್ನ ಹಾಕುವಾಗ ಏನು ನೋಡಿದಿರಿ?”

“ಏನು ನೋಡೋದು? ನಟ್ಟಿನ ಮೇಲೆ ಹತ್ತು ಅಂತ ಇತ್ತು. ನೋಡಿದೆ, ಸಮಾಧಾನ ಆಯ್ತು, ಬಿಗಿದೆ.”

“ಸಮಾಧಾನ ಆಯ್ತು.”

“ಹೂಂ.”

“ನೀವೇ ಸುಳ್ಳು ಅಂಕಿ ಹೊಡೆದ ನಟ್ಟಿನ ಮೇಲೆ ಹತ್ತು ನೋಡಿ ನಿಮಗೇ ಸಮಾಧಾನ ಆಯ್ತಾ ಮೇಸ್ತ್ರಿ?”

ಅವನು ಸರಪಳಿಯ ಮುಂದಿನ ಕೊಂಡಿಗೆ ಬಟ್ಟೆ ಹಾಕಿದ. ಹೊರಗೆ ಯಾರೋ ಮರಳು ಜರಡಿ ಹಿಡಿಯುವ ಸದ್ದು ಕೇಳಿಸುತ್ತಿತ್ತು.

“ತಮ್ಮ ಕೂರೋ ಕ್ರೇನು,” ಎಂದರು ದೊಡ್ಡಮ್ಮ, ದನಿ ಏರಿಸದೆ. “ಕೆಟ್ಟ ನಟ್ಟು ಅಂತ ಗೊತ್ತಿದ್ದೂ ಹಾಕಿದೆ ಅಂತೀರಿ. ನಾನು ನಂಬಬೇಕು.”

“ನಂಬಿ. ಬರೆದು ಕೊಡ್ತೀನಿ.”

ಅವರು ಚೀಲದಿಂದ ಪ್ರಯೋಗಾಲಯದಲ್ಲಿ ಕೇಳಿ ತಂದಿದ್ದ ಎರಡು ಪಂಚು ತೆಗೆದರು. ಒಂದು. ಸೊನ್ನೆ. ಜೊತೆಗೆ ಅಂಕಿಯಿಲ್ಲದ ಒಂದು ನಟ್ಟು.

“ಹೊಡೆಯಿರಿ.”

“ಯಾಕೆ?”

“ಹೊಡೆಯಿರಿ ಮೇಸ್ತ್ರಿ.”

ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡ. ಪಂಚು ಹಿಡಿದ ಕೂಡಲೇ ಕೈ ತಾನಾಗಿ ಸರಿಯಾದ ಜಾಗ ಹುಡುಕಿಕೊಂಡಿತು. ಎಷ್ಟೋ ವರ್ಷದ ರೂಢಿ. ಒಂದು ಏಟು. ಪಂಚು ಬದಲಿಸಿದ. ಇನ್ನೊಂದು ಏಟು. ಕೆಳಗಿಟ್ಟ.

ದೊಡ್ಡಮ್ಮ ಎರಡೂ ನಟ್ಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ನೋಡಲು ಭೂತಗನ್ನಡಿ ಬೇಕಿರಲಿಲ್ಲ. ಮೇಸ್ತ್ರಿಯ ಹತ್ತು ನೆಟ್ಟಗೆ, ಆಳವಾಗಿ, ಒಂದೇ ಅಂಚಿನಲ್ಲಿ ಕೂತಿತ್ತು. ಇನ್ನೊಂದು ವಾಲಿತ್ತು, ತೆಳುವಾಗಿತ್ತು, ನೆರಳು ಬಿಟ್ಟುಕೊಂಡಿತ್ತು.

“ಇದು ನಿಮ್ಮ ಕೈ ಅಲ್ಲ,” ಎಂದರು. “ಒಂದೇಟಿಗೆ ಅಂಕಿ ಬೀಳಿಸೋ ಬಲ ಇಲ್ಲದ ಕೈ. ಸುತ್ತಿಗೆ ಹಿಡಿದು ರೂಢಿ ಇಲ್ಲದ ಕೈ. ನಿಮ್ಮ ಪಂಚನ್ನ ಕೇಳಿ ತಗೊಂಡ ಕೈ. ಯಾರದ್ದು?”

ಮೇಸ್ತ್ರಿ ಸುತ್ತಿಗೆಯನ್ನು ಅದರ ಜಾಗದಲ್ಲಿ ತೂಗುಹಾಕಲು ಹೋದ. ಮೊಳೆ ಸಿಗಲಿಲ್ಲ. ಎದುರಿಗೇ ಇದ್ದ ಮೊಳೆ. ಮತ್ತೆ ಹುಡುಕಿದ. ಕೊನೆಗೆ ಸುತ್ತಿಗೆ ಹಿಡಿದುಕೊಂಡೇ ನೆಲದ ಮೇಲೆ ಕುಸಿದು ಕೂತ.

“ಕೇಳಬೇಡಿ ಮೇಡಂ.”

“ಕೇಳದೆ ಇರೋಕಾಗಲ್ಲ.”

“ನನ್ನನ್ನ ಒಳಗೆ ಹಾಕಿ. ಯಾವ ಕಾಗದಕ್ಕೆ ಬೇಕಾದರೂ ಸಹಿ ಮಾಡ್ತೀನಿ. ಕೇಳಬೇಡಿ.”

ದೊಡ್ಡಮ್ಮ ಕಾದರು. ಪೊಲೀಸ್ ಕೆಲಸದಲ್ಲಿ ಅವರು ಕಲಿತದ್ದರಲ್ಲಿ ದೊಡ್ಡದು ಅಂದರೆ ಈ ಕಾಯುವುದೇ. ಬಹಳ ಹೊತ್ತಿನ ಮೇಲೆ ಅವನು ನೆಲ ನೋಡುತ್ತಾ ಹೇಳಿದ:

“ನನ್ನ ತಮ್ಮನ ಹೆಂಡತಿ.”

ಉದ್ದಣ್ಣ ಬಾಗಿಲಿನಿಂದ ಮುಖ ಆಚೆ ತಿರುಗಿಸಿದ.

“ಮನೇಲಿ ಕೂತು ಮಾಡೋ ಕೆಲಸ ಮೇಡಂ. ವ್ಯಾಪಾರಿಯ ಆಳು ಚೀಲ ತಂದಿಡ್ತಿದ್ದ. ಕಾರ್ಖಾನೇಲಿ ಅಂಕಿ ಬೀಳೋದು ತಪ್ಪಿಹೋದ ನಟ್ಟುಗಳು, ಹೊಡೆದು ಕೊಡಿ ಸಾಕು ಅಂದ. ಅವಳಿಗೇನು ಗೊತ್ತು, ಐದು ಯಾವುದು ಹತ್ತು ಯಾವುದು. ಅಡುಗೆ ಮುಗಿಸಿ, ಮಗಳನ್ನ ಶಾಲೆಗೆ ಕಳಿಸಿ, ಕೂತು ಹೊಡೀತಿದ್ದಳು. ಪಂಚು ಕೊಟ್ಟೋನು ನಾನು.”

“ನಿಮಗೆ ಯಾವಾಗ ಗೊತ್ತಾಯ್ತು?”

“ಅವನನ್ನ ಕೆಳಗೆ ತರೋವಾಗ. ಕ್ಯಾಬಿನ್ ಪಕ್ಕದಲ್ಲೇ ಒಂದು ನಟ್ಟು ಬಿದ್ದಿತ್ತು. ಥ್ರೆಡ್ ಪೂರ್ತಿ ಕಿತ್ತುಬಂದು ನುಣ್ಣಗಾಗಿತ್ತು. ತಿರುಗಿಸಿ ನೋಡಿದೆ. ವಾಲಿದ ಒಂದು. ಅವಳ ಕೈಬರಹದ ಗುರುತು ಸಿಕ್ಕ ಹಾಗೆ ಸಿಕ್ಕಿಬಿಡ್ತು. ಹೆಗಲ ಮೇಲೆ ಅವನಿದ್ದ ಮೇಡಂ. ಅಳೋಕೂ ಕೈ ಬಿಡುವಿರಲಿಲ್ಲ.”

ಅವನು ನೆಟ್ಟಗೆ ಕೂತು ಮೊದಲ ಸಲ ದೊಡ್ಡಮ್ಮನ ಮುಖ ನೋಡಿದ.

“ಅವಳಿಗೆ ಹೇಳಬೇಡಿ. ಗಂಡ ಹೋದ ಅಂತ ಇವತ್ತಲ್ಲ ನಾಳೆ ತಡ್ಕೊಳ್ತಾಳೆ. ತನ್ನ ಕೈಯಿಂದ ಹೋದ ಅಂತ ಗೊತ್ತಾದರೆ ಆ ಕೈಯಲ್ಲಿ ಮಗಳಿಗೆ ಊಟ ಹೇಗೆ ಹಾಕ್ತಾಳೆ? ತಪ್ಪು ನನ್ನ ಮೇಲಿರಲಿ. ನನಗೆ ಹೆಂಡತಿ ಮಕ್ಕಳು ಯಾರೂ ಇಲ್ಲ.”

ದೊಡ್ಡಮ್ಮ ನಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡರು. ಎದ್ದು, ಅವನ ಹೆಗಲ ಮೇಲೆ ಕೈ ಇಟ್ಟರು. ಗಟ್ಟಿ ಹೆಗಲು. ಅದರ ಮೇಲೆ ಇನ್ನೂ ಭಾರ ಇರುವ ಹಾಗಿತ್ತು.

“ನಾಳೆ ಬೆಳಿಗ್ಗೆ ಠಾಣೆಗೆ ಬನ್ನಿ,” ಎಂದರು. “ಆ ಆಳಿನ ಗುರುತು ಹೇಳಬೇಕಾಗುತ್ತೆ.”

“ನಾಳೆ,” ಎಂದ ಮೇಸ್ತ್ರಿ.

*

ಗಿಡುಗನ ಮನೆ ಮೂರನೇ ಮಹಡಿಯಲ್ಲಿ. ಅದೇ ದಿನ ಊಟದ ಹೊತ್ತು ಮೀರಿದ ಮೇಲೆ ಮೆಟ್ಟಿಲು ಹತ್ತುವಾಗ ದೊಡ್ಡಮ್ಮನ ಮಂಡಿ ಪ್ರತಿ ಸಲದಂತೆ ತಕರಾರು ತೆಗೆಯಿತು. ಇವತ್ತು ಮನಸ್ಸೂ ಮಂಡಿಯ ಪಕ್ಷ ವಹಿಸಿತ್ತು. ಆದರೆ ವಿಧಿಯಿರಲಿಲ್ಲ. ವ್ಯಾಪಾರಿಯ ಆಳಿನ ಕೈಯಿಂದ ನೇರ ಚೀಲ ತಗೊಂಡವಳು ಇವಳೊಬ್ಬಳೇ. ಯಾಕೆ ಅಂತ ಹೇಳದೆ ಕೇಳಬೇಕು. ಕೇಳಿ, ಬರಬೇಕು.

“ಬನ್ನಿ ಅಮ್ಮಾ,” ಎಂದು ಅವಳು ಬಾಗಿಲು ತೆರೆದಳು. ಸೊರಗಿದ್ದಳು. ಗಂಡನ ಹಳೇ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ತೋಳು ಮಡಚಿಕೊಂಡಿದ್ದಳು.

ಒಂದೇ ಕೋಣೆ, ಅದರ ಒಂದು ಪಕ್ಕ ಅಡುಗೆಮನೆ. ಒಲೆಯ ಕೆಳಗೆ ರೈಲು ಹಳಿಯ ಒಂದು ತುಂಡು. ಅದರ ಮೇಲೆ ಸಣ್ಣ ಸುತ್ತಿಗೆ. ದೊಡ್ಡಮ್ಮ ನೋಡಿ ನೋಡದ ಹಾಗೆ ಚಾಪೆಯ ಮೇಲೆ ಕೂತರು.

“ಕಂಪನಿಯವರು ಏನಾದರೂ ಹೇಳಿದರಾ?” ಎಂದು ಅವಳು ಕೇಳಿದಳು.

“ಕಂಪನಿ ಹೇಳೋದಿರಲಿ, ನಾನು ಹೇಳ್ತೀನಿ ಕೇಳು. ನಿನ್ನ ಗಂಡ ಭಾರ ಜಾಸ್ತಿ ಎತ್ತಿರಲಿಲ್ಲ. ಪರೀಕ್ಷೆ ಮಾಡಿಸಿದೀನಿ. ಅವನದು ಎಳ್ಳಷ್ಟೂ ತಪ್ಪಿಲ್ಲ.”

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅವತ್ತು ಅಳದೆ ನಿಂತಿದ್ದವಳು ಇವತ್ತು ಅತ್ತಳು. ಸದ್ದಿಲ್ಲದೆ, ಹೆಗಲು ಮಾತ್ರ ಕುಲುಕುತ್ತಾ. ದೊಡ್ಡಮ್ಮ ನೀರು ತಂದು ಕೊಟ್ಟರು. ಲೋಟ ಹಿಡಿದ ಅವಳ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಸುತ್ತಿಗೆ ಗುರಿ ತಪ್ಪಿದಾಗ ಆಗಿದ್ದು.

“ಇದೇನಮ್ಮ?”

“ಅದಾ.” ಅವಳು ಅಳುವಿನ ಮಧ್ಯೆಯೇ ನಕ್ಕಳು. “ನಟ್ಟಿನ ಮೇಲೆ ಅಂಕಿ ಹೊಡೀತಿದ್ದೆ. ನನ್ನ ಏಟಿಗೆ ಅದು ಮೂಡ್ತಾನೇ ಇರಲಿಲ್ಲ. ಇವರು ಪಕ್ಕದಲ್ಲಿ ಕೂತು ತಮಾಷೆ ಮಾಡೋರು. ‘ನಿನ್ನ ಪರೀಕ್ಷೇಲಿ ಎಲ್ಲರಿಗೂ ಹತ್ತಕ್ಕೆ ಹತ್ತು, ನಮ್ಮ ಮೇಷ್ಟ್ರ ಕೈ ಇಷ್ಟು ಧಾರಾಳ ಇದ್ದಿದ್ದರೆ ನಾನು ಕ್ರೇನ್ ಯಾಕೆ ಹತ್ತುತ್ತಿದ್ದೆ’ ಅನ್ನೋರು. ಹೊಡೆದದ್ದನ್ನ ಸೆರಗಿನಿಂದ ಒರೆಸಿ ಅವರ ಕೈಗೆ ಕೊಡ್ತಿದ್ದೆ. ಅವರು ಚೀಲಕ್ಕೆ ಹಾಕ್ತಿದ್ದರು.”

ದೊಡ್ಡಮ್ಮ ಕಣ್ಣು ಮುಚ್ಚಿ ತೆರೆದರು. ತನ್ನ ಸಾವನ್ನು ಅವನು ಒಂದೊಂದಾಗಿ ತಾನೇ ಚೀಲಕ್ಕೆ ತುಂಬಿದ್ದ, ಹೆಂಡತಿಯನ್ನು ನಗಿಸುತ್ತಾ.

“ಚೀಲ ತರ್ತಿದ್ದೋನು ಹೇಗಿದ್ದ? ವ್ಯಾಪಾರಿಯ ಆಳು?”

“ಯಾವ ಆಳು?”

“ನಟ್ಟು ತಂದುಕೊಡ್ತಿದ್ದನಲ್ಲ.”

ಅವಳು ಕಣ್ಣೊರೆಸಿಕೊಂಡು ಗೊಂದಲದಿಂದ ನೋಡಿದಳು. “ಆಳು ಯಾರೂ ಬಂದಿಲ್ಲ ಅಮ್ಮಾ. ಭಾವನೇ ತರ್ತಿದ್ದರು.”

ದೊಡ್ಡಮ್ಮ ಚಾಪೆಯಲ್ಲೇ ಹತ್ತಿರ ಸರಿದರು.

“ಯಾರು, ಮೇಸ್ತ್ರಿನಾ?”

“ಹೂಂ, ಅವರೇ. ನಮಗೆ ಮೊದಲಿಂದ ಅವರೇ ದಿಕ್ಕು. ಈ ಕೆಲಸ ಹುಡುಕಿಕೊಟ್ಟೋರೂ ಅವರೇ, ತರೋರೂ ಅವರೇ, ತಗೊಂಡು ಹೋಗೋರೂ ಅವರೇ. ಯಾಕಮ್ಮಾ?”

‘ಆಸೆಗೆ ಬಿದ್ದೆ’ ಎಂದದ್ದು ಸುಳ್ಳಲ್ಲ; ಆ ನಟ್ಟು ಉಗ್ರಾಣ ಸುತ್ತಿ ತನ್ನ ತಮ್ಮನ ಕ್ರೇನಿಗೇ ಬರುತ್ತದೆಂದು ಮಾತ್ರ ಮೇಸ್ತ್ರಿ ಎಣಿಸಿರಲಿಲ್ಲವೇನೋ. “ಸುಮ್ಮನೆ ಕೇಳಿದೆ. ಈಗಲೂ ತರ್ತಾರಾ?”

“ಇಲ್ಲ. ಇವರು ಹೋದ ಮೇಲೆ ಬಂದು, ಇನ್ನು ಈ ಕೆಲಸ ಬೇಡ, ನೀನು ಮುಟ್ಟಕೂಡದು ಅಂದರು. ಹೊಡೆದಿಟ್ಟಿದ್ದು ಒಂದು ಚೀಲ ಉಳಿದಿತ್ತು. ಹೋದ ವಾರ ಬಂದು ತಗೊಂಡು ಹೋದರು.”

“ಎಲ್ಲಿಗೆ ಅಂತ ಹೇಳಿದರಾ?”

“ಕಂಪನಿಯವರು ಪಕ್ಕದ ಬೀದಿಯ ಕಟ್ಟಡಕ್ಕೆ ಹೊಸ ಕ್ರೇನ್ ನಿಲ್ಲಿಸ್ತಿದಾರಲ್ಲ, ಅದಕ್ಕಂತೆ. ನಾನು ಕೇಳಿದೆ, ನೀವ್ಯಾಕೆ ಭಾವ ಇನ್ನೂ ಆ ಕೆಲಸಕ್ಕೆ ಹೋಗ್ತೀರಿ ಅಂತ. ‘ಈ ಉಂಗುರ ನಾನೇ ಬಿಗೀಬೇಕು ಕಣಮ್ಮ, ಬೇರೆ ಯಾರ ಕೈಗೂ ಕೊಡಲ್ಲ’ ಅಂದರು.” ಅವಳು ಲೋಟ ಕೆಳಗಿಟ್ಟು ದೊಡ್ಡಮ್ಮನ ಮುಖವನ್ನೇ ನೋಡಿದಳು. “ಅಮ್ಮಾ, ನನ್ನಿಂದ ಏನಾದರೂ ತಪ್ಪಾಗಿದೆಯಾ?”

“ಇಲ್ಲಮ್ಮ. ನಿನ್ನಿಂದ ಯಾವ ತಪ್ಪೂ ಆಗಿಲ್ಲ.” ಅದು ಸುಳ್ಳಾಗಿರಲಿಲ್ಲ. ಆದರೂ ಹೇಳಲು ಕಷ್ಟವಾಯಿತು. “ಆ ಕ್ರೇನ್ ಯಾವಾಗಿಂದ ಕೆಲಸ ಶುರು ಮಾಡುತ್ತೆ?”

“ಮೊದಲ ಸಲ ಭಾರ ಎತ್ತಿ ನೋಡೋದು ಇವತ್ತೇ. ಮಧ್ಯಾಹ್ನ ಊಟ ಆದಮೇಲೆ ಅಂದಿದ್ದರು. ಓಡಿಸೋಕೆ ಯಾರೂ ಒಪ್ಪಲಿಲ್ಲವಂತೆ, ಇವರಿಗೆ ಹಾಗಾದ ಮೇಲೆ ಎಲ್ಲರಿಗೂ ಭಯ. ಅದಕ್ಕೆ ಭಾವ ತಾವೇ ಹತ್ತಿ ಕೂರ್ತೀನಿ ಅಂದರಂತೆ. ಬೆಳಿಗ್ಗೆ ಬಂದು ಮಗಳನ್ನ ಮುದ್ದು ಮಾಡಿ ಹೋದರು. ಯಾವತ್ತೂ ಅಷ್ಟು ಹೊತ್ತು ಎತ್ತಿಕೊಂಡಿರೋರಲ್ಲ.”

ನಾಳೆ ಎಂದಿದ್ದವನಿಗೆ ನಾಳೆ ಬೇಕಿರಲಿಲ್ಲ; ತಮ್ಮ ಬಿದ್ದ ಹಾಗೇ ತಾನೂ ಬೀಳಲು ಹೊರಟಿದ್ದ. ದೊಡ್ಡಮ್ಮ ಎದ್ದರು. ಮಂಡಿಯ ನೆನಪೇ ಇರಲಿಲ್ಲ. ಅಡುಗೆಮನೆಯ ಕಿಟಕಿಗೆ ಹೋಗಿ ಸರಳು ಹಿಡಿದು ಕೆಳಗೆ ಕೂಗಿದರು: “ಉದ್ದಣ್ಣ, ಜೀಪು ತಿರುಗಿಸು. ಆ ಸೈಟಿಗೆ ಫೋನ್ ಹಾಕು. ಮೇಲಿರೋನನ್ನ ಇಳಿಸೋಕೆ ಹೇಳು.”

“ಯಾರನ್ನ ದೊಡ್ಡಮ್ಮ? ಯಾವ ಸೈಟು?”

“ಪಕ್ಕದ ಬೀದಿಯ ಹೊಸ ಕ್ರೇನು. ಮೇಸ್ತ್ರಿನ!” ಎಂದರು. ಎದುರಿನ ತಾರಸಿಗಳ ಆಚೆ, ಹೊಸ ಹಳದಿ ಬಣ್ಣದ ಉದ್ದನೆಯ ತೋಳೊಂದು ಆಕಾಶದಲ್ಲಿ ನಿಧಾನವಾಗಿ ತಿರುಗತೊಡಗಿತ್ತು. ಅದರ ಕೊಕ್ಕೆಯಲ್ಲಿ ಭಾರ ತೂಗುತ್ತಿತ್ತು.

ಬೆನ್ನ ಹಿಂದೆ ಗಿಡುಗನ ಹೆಂಡತಿ ಬಂದು ನಿಂತಿದ್ದಳು. ಅವಳೂ ನೋಡುತ್ತಿದ್ದಳು. ಆಮೇಲೆ ಬಗ್ಗಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

“ಅಮ್ಮಾ,” ಎಂದಳು ಮೆಲ್ಲಗೆ, “ನಮ್ಮವರ ಕ್ರೇನಿಗೂ ನಾನು ಹೊಡೆದ ನಟ್ಟನ್ನೇ ಹಾಕಿದ್ದರಾ?”